ಸೊಸೆಯ ಗುರಿಗೆ ಮಾವನ ಉಕ್ಕು

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಕಾರ್ಖಾನೆಯ ಹಾಜರಿ ಪುಸ್ತಕದ ಹೊರಗೆ ಅದನ್ನು ಕಂಡವರಿಲ್ಲ. ಎಲ್ಲರಿಗೂ ಅವನು ರಸಮಟ್ಟ. ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿ ಆನೆ ಗಾತ್ರದ ಯಂತ್ರಗಳನ್ನು ನೆಲಕ್ಕೆ ಕೂರಿಸಿದವನು. ಯಂತ್ರದ ಬೆನ್ನ ಮೇಲೆ ರಸಮಟ್ಟವನ್ನಿಟ್ಟು, ಅದರ ಗಾಜಿನ ಕೊಳವೆಯ ಗಾಳಿಗುಳ್ಳೆ ನಟ್ಟನಡುವೆ ಬಂದು ನಿಲ್ಲುವ ತನಕ ಊಟದ ಗಂಟೆ ಹೊಡೆದರೂ ಏಳುತ್ತಿರಲಿಲ್ಲ. ನಿವೃತ್ತನಾಗಿ ಮೂರು ವರ್ಷವಾಗಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ ಯಾರ ಮನೆಗೆ ಹೋದರೂ ಮೊದಲು ಅವರ ಗೋಡೆಯ ಪಟ ನೆಟ್ಟಗೆ ಮಾಡಿ, ಆಮೇಲೆ ಕ್ಷೇಮ ಸಮಾಚಾರ ಕೇಳುತ್ತಿದ್ದ. "ನಾಯಿ ಬಾಲ ಡೊಂಕು ಅಂತ ಇವರ ಮುಂದೆ ಯಾರೂ ಹೇಳಬೇಡಿ, ಮಟ್ಟ ಹಿಡ್ಕೊಂಡು ಹೊರಟುಬಿಡ್ತಾರೆ" ಎಂದು ಹೆಂಡತಿ ನೆಂಟರಿಗೆಲ್ಲ ಹೇಳಿ ಇಟ್ಟಿದ್ದಳು.

ಪಟ ನೆಟ್ಟಗೆ ಮಾಡುವುದು ಒಂದು ಕೆಲಸವೇ? ಮೂರು ವರ್ಷದಿಂದ ಅವನ ಬಳಿ ಬಂದು "ಇದೊಂದು ಮಾಡಿಕೊಡಿ" ಎಂದು ಯಾರೂ ಕೇಳಿರಲಿಲ್ಲ. ಅದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ಹಾಗಾಗಿ ಒಂದು ಬೆಳಿಗ್ಗೆ ಸೊಸೆ ಬಂದು, "ಮಾವ, ನಂಗೊಂದು ಪೆಟ್ಟಿಗೆ ಮಾಡಿಕೊಡ್ತೀರಾ? ಗುಂಡು ತಡೆಯೋ ಪೆಟ್ಟಿಗೆ" ಎಂದಾಗ ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವಳು. ಸಂಜೆಯ ಹೊತ್ತು ಕ್ಲಬ್ಬಿಗೆ ಹೋಗಿ ಏರ್ ರೈಫಲ್ ಹೊಡೆಯುತ್ತಿದ್ದಳು. ಹತ್ತು ಮೀಟರ್ ದೂರದಲ್ಲಿ ಒಂದು ಕಾರ್ಡು, ಅದರ ನಡುವೆ ಸಾಸಿವೆಯಷ್ಟು ಚುಕ್ಕಿ, ಅದಕ್ಕೆ ಗುರಿ. ಹೋದ ವರ್ಷ ಆಯ್ಕೆಯ ಪಂದ್ಯದಲ್ಲಿ ಅರ್ಧ ಅಂಕದಿಂದ ಹಿಂದೆ ಬಿದ್ದಿದ್ದಳು. ಈ ವರ್ಷದ ಪಂದ್ಯಕ್ಕೆ ಇನ್ನು ಆರು ವಾರ. ಅಷ್ಟರಲ್ಲಿ ಕ್ಲಬ್ಬಿನ ಸೂರು ರಿಪೇರಿಗೆ ಬಂದು ಬಾಗಿಲು ಹಾಕಿದರು. ಇನ್ನು ಮನೆಯಲ್ಲೇ ಹೊಡೆಯಬೇಕು, ಇಲ್ಲವೇ ಈ ವರ್ಷವನ್ನೂ ಬಿಡಬೇಕು. ಅವರ ಮನೆ ರೈಲಿನ ಡಬ್ಬಿಯ ಹಾಗೆ ಉದ್ದಕ್ಕೆ ಇತ್ತು. ಮುಂಬಾಗಿಲಲ್ಲಿ ನಿಂತರೆ ನಡುವಿನ ಓಣಿಯಂಥ ಜಾಗ ದಾಟಿ ಹಿಂದಿನ ಗೋಡೆಯ ತನಕ ಹನ್ನೆರಡು ಮೀಟರ್ ಸಲೀಸಾಗಿ ಸಿಗುತ್ತಿತ್ತು. ಜಾಗ ಸಿಕ್ಕಿತು, ಜಾಗದ ಒಡತಿಯ ಅಪ್ಪಣೆ ಸಿಗಬೇಕಿತ್ತು.

ಒಡತಿ ಎಂದರೆ ಅತ್ತೆ. ಅವಳ ಅಡುಗೆಮನೆಯ ಬಾಗಿಲು ತೆರೆಯುವುದು ಅದೇ ಓಣಿಗೆ.

"ನೋಡಮ್ಮ, ನಿನ್ನ ಆಸೆಗೆ ನಾನು ಕಲ್ಲು ಹಾಕಲ್ಲ" ಎಂದಳು ಅತ್ತೆ. "ಪೆಟ್ಟಿಗೆ ಮಾಡಿಸ್ಕೋ. ಭಾನುವಾರ ನನ್ನೆದುರಿಗೆ ಒಂದು ಸಲ ಹೊಡೆದು ತೋರಿಸು. ಒಂದೇ ಒಂದು ಚೂರು ಪೆಟ್ಟಿಗೆಯಿಂದ ಹಿಂದಕ್ಕೆ ಬಂದರೂ ಕೋವಿ ಮಾರನೇ ದಿನ ಮನೆಯಿಂದ ಆಚೆ. ನನ್ನ ಕಣ್ಣು ನನಗೆ ಬೇಕು, ನಿನ್ನ ಕಣ್ಣು ನಿನಗೂ ಬೇಕು."

ಅದರಲ್ಲಿ ತಪ್ಪು ಹುಡುಕಲು ಯಾರಿಗೂ ಆಗಲಿಲ್ಲ. ಸೊಸೆ ಒಪ್ಪಿದಳು.

ಅಂಗಡಿಗೆ ಹೊರಡುವ ಅವಸರದಲ್ಲಿ ಅವಳು ಒಂದು ಲಕೋಟೆಯ ಹಿಂದೆ ನಕ್ಷೆ ಗೀಚಿ ಮಾವನ ಕೈಗೆ ಕೊಟ್ಟಳು. ಒಂದು ಪೆಟ್ಟಿಗೆ, ಮುಂದೆ ತೆರೆದ ಬಾಯಿ, ತಳದಲ್ಲಿ ಮರಳಿನ ತಟ್ಟೆ, ಒಳಗೆ ಉಕ್ಕಿನ ಹಲಗೆ ಎಂದು ಒಂದು ಗೆರೆ. "ಚೀಟಿಯಲ್ಲಿ ಇರೋ ಹಾಗೇ ಮಾಡಿ ಮಾವ" ಎಂದು ಬಾಗಿಲಿಂದಲೇ ಕೂಗಿ ಬಸ್ಸಿಗೆ ಓಡಿದಳು.

ರಸಮಟ್ಟ ಕನ್ನಡಕ ಏರಿಸಿ ಚೀಟಿ ನೋಡಿದ. ಅಯ್ಯೋ ಪಾಪ ಎನಿಸಿತು. ಪೆಟ್ಟಿಗೆಯ ನಾಲ್ಕು ಗೆರೆಗಳೂ ಒಂದಕ್ಕಿಂತ ಒಂದು ಸೊಟ್ಟ. ಉಕ್ಕಿನ ಗೆರೆಯಂತೂ ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಓರೆಯಾಗಿ ಜಾರಿತ್ತು. ಗಾಜು ಉಜ್ಜುವ ಕೈ ಎಷ್ಟು ನಾಜೂಕು, ಗೆರೆ ಎಳೆಯುವಾಗ ಮಾತ್ರ ಹೀಗೆ! ಇದನ್ನು ಅವಳಿಗೆ ಹೇಳಿ ಮುಜುಗರ ಮಾಡುವುದೇಕೆ ಎಂದುಕೊಂಡು, ಎರಡನೇ ಸಲ ನೋಡದೆ, ಮೂಲೆಮಟ್ಟ ಇಟ್ಟು ಬೇರೊಂದು ಕಾಗದದಲ್ಲಿ ನಕ್ಷೆಯನ್ನು ಚೊಕ್ಕವಾಗಿ ಬರೆದ. ಪೆಟ್ಟಿಗೆ ಚೌಕವಾಯಿತು. ಉಕ್ಕಿನ ಹಲಗೆ ಸಿಪಾಯಿಯ ಹಾಗೆ ನೆಟ್ಟಗೆ ನಿಂತಿತು. ಅವನಿಗೆ ಸಮಾಧಾನವಾಯಿತು.

ಮಾರನೇ ದಿನ ಕೈಚೀಲದಲ್ಲಿ ಒಂದು ಅರ, ಒಂದು ಮಟ್ಟಗೋಲು, ಒಂದು ಸುತ್ತಿಗೆ ಹಾಕಿಕೊಂಡು ಗುಜರಿ ಅಂಗಡಿಗೆ ಹೋದ. ಗುಜರಿಯವನು ಹಳೆಯ ಪರಿಚಯ. ಕಾರ್ಖಾನೆಯಿಂದ ಹೊರಬಿದ್ದ ಕಬ್ಬಿಣವೆಲ್ಲ ಅವನ ಹಿತ್ತಿಲಿಗೇ ಬಂದು ಬೀಳುತ್ತಿತ್ತು. ನೆಲದ ತುಂಬ ತುಕ್ಕಿನ ಕೆಂಪು ಪುಡಿ, ಎಣ್ಣೆಯ ವಾಸನೆ, ಮೂಲೆಯಲ್ಲಿ ಹಲ್ಲು ಮುರಿದ ಗಿಯರುಗಳು. ರಸಮಟ್ಟ ಒಳಗೆ ಕಾಲಿಟ್ಟೊಡನೆ ಉದ್ದಕ್ಕೆ ಉಸಿರೆಳೆದುಕೊಂಡ. ಮೂರು ವರ್ಷದಿಂದ ಈ ವಾಸನೆಯಿಲ್ಲದೆ ಅವನ ಮೂಗಿಗೆ ಕೆಲಸವಿರಲಿಲ್ಲ.

"ಏನು ಬೇಕಣ್ಣ?" ಎಂದ ಗುಜರಿಯವನು.

"ಒಂದು ಹಲಗೆ. ನಮ್ಮ ಸೊಸೆ ಕೋವಿ ಹೊಡೀತಾಳೆ, ಎದುರಿಗೆ ನಿಲ್ಲಿಸೋಕೆ."

"ಸೊಸೆ ಕೈಗೆ ಕೋವಿ ಬಂತಾ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಅತ್ತಿಗೆಗೆ ಈಗ್ಲೇ ಹೇಳಿ, ಹುಷಾರಾಗಿರಲಿ."

"ನಿಮ್ಮತ್ತಿಗೆ ಎದುರು ನಿಂತರೆ ಗುಂಡೇ ದಾರಿ ಬಿಟ್ಟು ಹೋಗುತ್ತೆ. ಹಲಗೆ ತೋರಿಸು."

ಗುಜರಿಯವನು ಮೊದಲು ತೋರಿಸಿದ್ದು ತೆಳು ತಗಡು. ರಸಮಟ್ಟ ಅದನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದ, ಅದು ಗುಡುಗಿತು. "ಇದು ನಾಟಕದವರಿಗೆ ಕೊಡು. ನೂರು ಗುಂಡಿಗೆ ಇದರ ಮುಖದ ತುಂಬ ಸಿಡುಬು ಏಳುತ್ತೆ. ಗುಳಿ ಬಿದ್ದ ಕಡೆ ಗುಂಡು ಬಿದ್ದರೆ ಎತ್ತ ಹಾರುತ್ತೋ ದೇವರೇ ಬಲ್ಲ." ಆಮೇಲೆ ಬಂದದ್ದು ಲಾರಿಯ ನೆಲಕ್ಕೆ ಹಾಸುವ, ಮೈತುಂಬ ಉಬ್ಬುಗೆರೆಗಳ ಹಲಗೆ. "ಉಬ್ಬು ಇದ್ದರೂ ಅದೇ ಕತೆ, ಬೇಡ." ಬೀಡು ಕಬ್ಬಿಣದ ಮುಚ್ಚಳವೊಂದನ್ನು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, "ಇದು ಗಾಜಿನ ತಮ್ಮ, ಸೀಳು ಬಿಡುತ್ತೆ" ಎಂದು ಬದಿಗಿಟ್ಟ. ಲಾರಿಯ ಸ್ಪ್ರಿಂಗ್ ಪಟ್ಟಿಯ ಮೇಲೆ ಅರ ಎಳೆದ. ಅರ ಕಚ್ಚದೆ ಜಾರಿತು. ಗಟ್ಟಿಯೆಂದರೆ ಗಟ್ಟಿ, ಆದರೆ ಬಿಲ್ಲಿನ ಹಾಗೆ ಬಾಗಿದ್ದು. ಬಾಗಿದ್ದು ಅವನ ಕೈಯಲ್ಲಿ ಹೆಚ್ಚು ಹೊತ್ತು ನಿಲ್ಲುವಂತಿರಲಿಲ್ಲ.

"ಅಣ್ಣ, ಹುಡುಗಿ ಹೊಡೆಯೋದು ಸೀಸದ ಗುಂಡು. ಬೆಣ್ಣೆಯಂಥದ್ದು. ನೀವು ಫಿರಂಗಿ ತಡೆಯೋ ಹಾಗೆ ಹುಡುಕ್ತಿದ್ದೀರಿ."

"ತಡೆಯೋದಾದರೆ ನೆಟ್ಟಗೆ ತಡೀಬೇಕು ಕಣಯ್ಯ."

ಎರಡು ತಾಸು ಕಳೆಯಿತು. ಕೊನೆಗೆ ಒಂದು ರಾಶಿಯ ಅಡಿಯಲ್ಲಿ ಅದು ಕಣ್ಣಿಗೆ ಬಿತ್ತು. ಯಾವುದೋ ಹಳೆಯ ಯಂತ್ರಕ್ಕೆ ಮರೆಯಾಗಿ ಇದ್ದ ಹಲಗೆ. ಆರು ಮಿಲಿಮೀಟರ್ ದಪ್ಪ, ಒಂದೂವರೆ ಅಡಿ ಚೌಕ, ಎಣ್ಣೆ ಕುಡಿದು ಕುಡಿದು ತುಕ್ಕು ಹತ್ತಿರ ಸುಳಿಯದ ಮೈ. ಅರ ಎಳೆದರೆ ಹದವಾಗಿ ಕಚ್ಚಿತು. ಅಂದರೆ ಸಾಧಾರಣ ಉಕ್ಕು, ಸೀಳುವುದಿಲ್ಲ, ಕೊರೆಯಲು ಬಗ್ಗುತ್ತದೆ. ಮಟ್ಟಗೋಲನ್ನು ಅದರ ಮೈಮೇಲೆ ನಿಲ್ಲಿಸಿ ಬಿಸಿಲಿಗೆ ಹಿಡಿದ. ಕೋಲಿಗೂ ಹಲಗೆಗೂ ನಡುವೆ ಕೂದಲೆಳೆಯಷ್ಟು ಬೆಳಕೂ ನುಸುಳಲಿಲ್ಲ. ಅಡ್ಡಕ್ಕೆ ಹಿಡಿದ, ಮೂಲೆಯಿಂದ ಮೂಲೆಗೆ ಹಿಡಿದ. ಇಲ್ಲ, ಎಲ್ಲೂ ಇಲ್ಲ. ರಸಮಟ್ಟನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಇಂಥ ಮಟ್ಟಸವಾದ್ದನ್ನ ಅಡಿಯಲ್ಲಿ ಹಾಕಿದ್ದೀಯಲ್ಲೋ, ನಿನಗೆ ಒಳ್ಳೇದಾಗುತ್ತಾ?" ಎಂದು ಗುಜರಿಯವನಿಗೆ ಬೈದು, ಹಲಗೆಯನ್ನು ಹಳೆಯ ಗೋಣಿಯಲ್ಲಿ ಸುತ್ತಿ, ಎಳೆಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಮನೆಗೆ ಬಂದ.

ನಾಲ್ಕು ದಿನ ಹಿತ್ತಿಲಲ್ಲಿ ಗರಗಸದ ಸದ್ದು. ದಪ್ಪ ಮರದ ಹಲಗೆಯಲ್ಲಿ ಪೆಟ್ಟಿಗೆ, ಒಳಗೆ ಎಂಟು ಬೋಲ್ಟುಗಳಲ್ಲಿ ಬಿಗಿದ ಉಕ್ಕು, ಕೆಳಗೆ ಜರಡಿ ಹಿಡಿದ ಮರಳು. ಶನಿವಾರ ಸಂಜೆ ಪೆಟ್ಟಿಗೆಯನ್ನು ಹಿಂದಿನ ಗೋಡೆಗೆ ಆನಿಸಿ, ಉಕ್ಕಿನ ಮುಂದೆ ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟು ನೋಡಿದ. ದಾರಕ್ಕೂ ಉಕ್ಕಿಗೂ ಮೇಲೆ ಎಷ್ಟು ಅಂತರವೋ ಕೆಳಗೂ ಅಷ್ಟೇ. ಆ ರಾತ್ರಿ ಊಟದಲ್ಲಿ ಎರಡು ತುತ್ತು ಹೆಚ್ಚೇ ಹೋಯಿತು.

ಭಾನುವಾರ ಬೆಳಿಗ್ಗೆ ಸೊಸೆ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಒಳಗೆ ನೋಡಿದಳು. ನೋಡುತ್ತಲೇ ಇದ್ದಳು.

"ಹೇಗಿದೆ?" ಎಂದ ರಸಮಟ್ಟ, ಉತ್ತರ ಗೊತ್ತಿದ್ದವನ ಹಾಗೆ.

"ಉಕ್ಕು ತುಂಬಾ ಚೆನ್ನಾಗಿದೆ ಮಾವ" ಎಂದಳು ಅವಳು. ಸ್ವಲ್ಪ ತಡೆದು, "ಇಷ್ಟು ನೆಟ್ಟಗೆ ಯಾರೂ ಮಾಡ್ತಿರಲಿಲ್ಲ" ಎಂದಳು. ಮಾವನ ಮುಖ ಅರಳಿತು. ಅವಳು ಇನ್ನೇನೋ ಹೇಳಲು ಬಾಯಿ ತೆರೆದು, ಆ ಅರಳಿದ ಮುಖ ನೋಡಿ ಬಾಯಿ ಮುಚ್ಚಿದಳು. "ಎಲ್ಲರೂ ಕನ್ನಡಕ ಹಾಕ್ಕೊಳ್ಳಿ. ನನ್ನ ಹಿಂದೆ ನಿಂತ್ಕೊಳ್ಳಿ. ಅಡುಗೆಮನೆ ಚಿಲಕ ಹಾಕಿ" ಎಂದಷ್ಟೇ ಹೇಳಿದಳು.

ಅಂಗಡಿಯಿಂದ ತಂದ ದಪ್ಪ ಗಾಜಿನ ಕನ್ನಡಕಗಳನ್ನು ನಾಲ್ವರೂ ಹಾಕಿಕೊಂಡರು. ನಾಲ್ಕನೆಯವನು ಮಗ, ಆಸ್ಪತ್ರೆಯಲ್ಲಿ ನರ್ಸು. ಪಾಳಿ ಮುಗಿಸಿ ಬಂದವನು ಚಹಾದ ಲೋಟ ಹಿಡಿದು, ನಿದ್ದೆಗಣ್ಣಿನ ಮೇಲೆ ಕನ್ನಡಕ ಏರಿಸಿ ನಿಂತಿದ್ದ. ಅತ್ತೆ ತನ್ನ ಪರೀಕ್ಷೆಯ ಏರ್ಪಾಡನ್ನು ತಾನೇ ಮಾಡಿದ್ದಳು. ಪೆಟ್ಟಿಗೆಯ ಮುಂದೆ ಎರಡು ಮಾರು ಬಿಟ್ಟು ಅಡ್ಡಕ್ಕೆ ದಾರ ಕಟ್ಟಿ, ಹಳೆಯ ಪತ್ರಿಕೆಗಳನ್ನು ನೆಲದ ತನಕ ಇಳಿಬಿಟ್ಟು, ಗುಂಡು ಹೋಗಲು ನಡುವೆ ಒಂದು ಕಿಂಡಿ ಮಾತ್ರ ಬಿಟ್ಟಿದ್ದಳು. ಎರಡೂ ಗೋಡೆಗೂ ಪತ್ರಿಕೆ. ಏನಾದರೂ ಹಿಂದಕ್ಕೆ ಬಂದರೆ ಕಾಗದ ಸುಳ್ಳು ಹೇಳುವುದಿಲ್ಲ.

ಸೊಸೆ ಉಸಿರು ಹಿಡಿದು ಐದು ಗುಂಡು ಹೊಡೆದಳು. ಠಣ್, ಠಣ್ ಎಂದು ಉಕ್ಕು ದೇವಸ್ಥಾನದ ಗಂಟೆಯ ಹಾಗೆ ಮೊಳಗಿತು. ಒಂದೊಂದು ಸಲವೂ ಪತ್ರಿಕೆ ಪಟ್ ಎಂದು ಅದುರಿತು.

ಅತ್ತೆ ಪತ್ರಿಕೆಯನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದಳು. ನಕ್ಷತ್ರ ಮೂಡಿದ ಹಾಗೆ ಅಲ್ಲಲ್ಲಿ ಸಣ್ಣ ಸಣ್ಣ ಹರಕು. ನೆಲದ ಮೇಲೆ ಚಪ್ಪಟೆಯಾದ ಸೀಸದ ಚೂರುಗಳು.

"ಒಂದಲ್ಲ, ಏಳು" ಎಂದಳು ಅತ್ತೆ. ಅವಳ ದನಿಯಲ್ಲಿ ಗೆಲುವಿರಲಿಲ್ಲ. "ಆಡಿದ ಮಾತು ಆಡಿದ್ದೇ ಕಣಮ್ಮ. ನಾಳೆ ಕೋವಿಯನ್ನ ಕ್ಲಬ್ಬಿನವರಿಗೆ ಒಪ್ಪಿಸಿಬಿಡು."

"ಸರಿ ಅತ್ತೆ" ಎಂದು ಸೊಸೆ ಕೋವಿ ಖಾಲಿ ಮಾಡಿ, ಅದರ ಉದ್ದನೆಯ ಚೀಲದ ಜಿಪ್ಪು ಎಳೆದಳು.

"ಗುಂಡೇ ಕಳಪೆ ಇರಬೇಕು" ಎಂದ ರಸಮಟ್ಟ. "ಉಕ್ಕಿನದೇನೂ ತಪ್ಪಿಲ್ಲ. ಬೇಕಾದರೆ ಮಟ್ಟ ಇಟ್ಟು ನೋಡಿ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದಳು ಹೆಂಡತಿ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಲ್ಲವೇ? ಹೆಂಡತಿಗೆ ತೋರಿಸಿ ಬಾಯಿ ಮುಚ್ಚಿಸಬೇಕೆಂದು ಸೊಸೆಯ ಲಕೋಟೆಯನ್ನೇ ಜೇಬಿನಿಂದ ತೆಗೆದ. ಬಿಡಿಸಿದ. ಈ ಸಲ ಸರಿಯಾಗಿ ನೋಡಿದ.

ಪೆಟ್ಟಿಗೆಯ ನಾಲ್ಕು ಗೆರೆ ಸೊಟ್ಟವಾಗಿದ್ದುದು ನಿಜ. ಅವು ಅವಸರದಲ್ಲಿ ಗೀಚಿದ ಗೆರೆಗಳು. ಆದರೆ ನಡುವಿನ ಓರೆ ಗೆರೆ ಸೊಟ್ಟವಾಗಿರಲಿಲ್ಲ. ಅದನ್ನು ಸ್ಕೇಲು ಇಟ್ಟು ಎಳೆದಿದ್ದಳು. ಒಂದಲ್ಲ, ಎರಡು ಸಲ ಒತ್ತಿ ಎಳೆದಿದ್ದಳು, ಕಾಗದದ ಹಿಂಬದಿಗೂ ಅಚ್ಚು ಮೂಡಿತ್ತು. ಅಷ್ಟೂ ನಕ್ಷೆಯಲ್ಲಿ ಅವಳು ಮನಸ್ಸಿಟ್ಟು ಎಳೆದದ್ದು ಅದೊಂದನ್ನೇ. ಉಕ್ಕಿನ ಮೇಲಂಚು ಹೊಡೆಯುವವರ ಕಡೆಗೆ ಬಾಗಬೇಕು, ಬಡಿದ ಗುಂಡು ಕೆಳಗೆ ಜಾರಿ ಮರಳಿಗೆ ಬೀಳಬೇಕು. ನೆಟ್ಟಗೆ ನಿಂತ ಉಕ್ಕು ಬಂದದ್ದನ್ನು ಬಂದ ದಾರಿಗೇ ಅಟ್ಟುತ್ತದೆ. ಉಕ್ಕು ಗಟ್ಟಿಯಿದ್ದಷ್ಟೂ, ಮಟ್ಟಸವಾಗಿದ್ದಷ್ಟೂ ಅಟ್ಟುವುದು ಹೆಚ್ಚು. ಚಿಕ್ಕ ಮಕ್ಕಳು ಗೋಡೆಗೆ ಚೆಂಡು ಎಸೆದು ಕಲಿಯುವ ಪಾಠ ಇದು. ಮೂವತ್ತನಾಲ್ಕು ವರ್ಷದ ಫಿಟ್ಟರಿಗೆ ಹೊಳೆಯಲಿಲ್ಲ.

ಸೊಸೆಗೆ ಇದು ಆಗಲೇ ಗೊತ್ತಾಗಿತ್ತು. ಪೆಟ್ಟಿಗೆಯ ಮುಂದೆ ಅಷ್ಟು ಹೊತ್ತು ಕುಳಿತದ್ದು ಅದಕ್ಕೇ. ಈಗಲೂ ಒಂದು ಮಾತು ಹೇಳಿದ್ದರೆ ಸಾಕಿತ್ತು, ಹೇಳಲಿಲ್ಲ. ಇನ್ನು ಮುಂದೆಯೂ ಹೇಳುವುದಿಲ್ಲ. ಲಕೋಟೆಯನ್ನು ಮಡಿಸಿ ಜೇಬಿಗಿಟ್ಟು ತಾನೂ ಬಾಯಿಗೆ ಬೀಗ ಹಾಕಿಕೊಂಡರೆ ರಸಮಟ್ಟನ ಮಾನ ಉಳಿಯುತ್ತದೆ, ಸೊಸೆಯ ವರ್ಷ ಹೋಗುತ್ತದೆ. ಅವನು ಮಡಿಸಿಯೂ ಮಡಿಸಿದ. ಅರ್ಧ ಮಡಿಸಿದವನು ಸೊಸೆಯನ್ನು ನೋಡಿದ. ಅವಳು ನೆಲಕ್ಕೆ ಬಗ್ಗಿ ಸೀಸದ ಚೂರುಗಳನ್ನು ಒಂದೊಂದಾಗಿ ಅಂಗೈಗೆ ಎತ್ತಿಕೊಳ್ಳುತ್ತಿದ್ದಳು, ಅತ್ತೆಯ ಕಾಲಿಗೆ ಚುಚ್ಚದಿರಲಿ ಎಂದು.

"ತಪ್ಪು ನನ್ನದು" ಎಂದ ರಸಮಟ್ಟ.

ಮಗ ಚಹಾದ ಲೋಟ ಕೆಳಗಿಟ್ಟ.

"ಇವಳು ಓರೆ ಬರೆದಿದ್ದಳು. ನಾನು ನೆಟ್ಟಗೆ ಮಾಡಿದೆ. ಇವಳಿಗೆ ಗೆರೆ ಎಳೆಯೋಕೆ ಬರಲ್ಲ ಅಂದುಕೊಂಡೆ. ನೋಡೇ ಇಲ್ಲಿ, ಸ್ಕೇಲಿಟ್ಟು ಎಳೆದಿದ್ದಾಳೆ. ಹುಡುಗಿಯದು ಏನೂ ತಪ್ಪಿಲ್ಲ, ತಪ್ಪು ನನ್ನದು."

ಹೆಂಡತಿ ಲಕೋಟೆ ನೋಡಲಿಲ್ಲ, ಗಂಡನ ಮುಖವನ್ನೇ ನೋಡಿದಳು. ಮೆಲ್ಲಗೆ ಕುರ್ಚಿ ಎಳೆದುಕೊಂಡು ಕುಳಿತಳು. "ಮದುವೆಯಾಗಿ ಮೂವತ್ತೆಂಟು ವರ್ಷ" ಎಂದಳು. "ಹಾಲು ಉಕ್ಕಿದರೆ ಒಲೆಯ ತಪ್ಪು, ಬಸ್ಸು ತಪ್ಪಿದರೆ ಬಸ್ಸಿನ ತಪ್ಪು. ಈ ಮಾತು ನಿಮ್ಮ ಬಾಯಲ್ಲಿ ಇದೇ ಮೊದಲು ಕೇಳಿದ್ದು. ನಾನು ಕನ್ನಡಕ ಹಾಕಿಕೊಂಡಿದ್ದಕ್ಕೆ ನೀವೇ ಅಂತ ಖಾತ್ರಿಯಾಯ್ತು, ಇಲ್ಲದಿದ್ದರೆ ಯಾರೋ ಅಂದ್ಕೋತಿದ್ದೆ."

"ಆಯ್ತು, ಆಯ್ತು."

"ಏನು ಆಯ್ತು? ಮುಂದಿನ ಭಾನುವಾರ ಇನ್ನೊಂದು ಸಲ ನೋಡೋಣ. ನನ್ನ ಷರತ್ತು ಇವಳ ಪೆಟ್ಟಿಗೆಗೆ ಹಾಕಿದ್ದು. ಇವಳ ಪೆಟ್ಟಿಗೆಯನ್ನ ನೀವಿನ್ನೂ ಮಾಡೇ ಇಲ್ಲವಲ್ಲ."

ಆ ವಾರವಿಡೀ ರಸಮಟ್ಟ ತನ್ನ ಸ್ವಭಾವಕ್ಕೆ ವಿರುದ್ಧವಾದ ಕೆಲಸ ಮಾಡಿದ. ಅಷ್ಟು ಮುದ್ದಿನಿಂದ ನಿಲ್ಲಿಸಿದ ಉಕ್ಕನ್ನು ಬಿಚ್ಚಿದ. ಬಿಚ್ಚುವಾಗ ಗೊಣಗಿದ. ಆದರೆ ಓರೆಯೆಂದರೆ ಹೇಗೆಂದರೆ ಹಾಗೆ ಓರೆಯೇ? ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದ. "ನಲವತ್ತೈದು ಡಿಗ್ರಿ ಇದ್ದರೆ ಸಾಕು ಮಾವ, ಸ್ವಲ್ಪ ಹೆಚ್ಚು ಕಮ್ಮಿ ಆದರೂ ನಡೆಯುತ್ತೆ" ಎಂದಳು. ಸ್ವಲ್ಪ ಹೆಚ್ಚು ಕಮ್ಮಿ ಎಂಬ ಮಾತು ಅವನ ಕಿವಿಗೆ ಬೀಳಲೇ ಇಲ್ಲ. ಕೋನಮಾಪಕ ಹಿಡಿದು ಎಡಗಡೆ ಅಳೆದ, ಬಲಗಡೆ ಅಳೆದ, ಕಾಲು ಡಿಗ್ರಿ ವ್ಯತ್ಯಾಸ ಬಂತೆಂದು ಒಂದು ಇಡೀ ಮಧ್ಯಾಹ್ನ ಬೋಲ್ಟಿನ ತೂತನ್ನು ಅರದಲ್ಲಿ ಉಜ್ಜಿದ. "ಸೊಟ್ಟ ಮಾಡೋದಾದರೂ ನೆಟ್ಟಗೆ ಸೊಟ್ಟ ಮಾಡಬೇಕು" ಎಂದು ಮಗನಿಗೆ ಹೇಳಿದ. ಮಗ ನಗು ತಡೆಯಲು ಹಿತ್ತಿಲಿಗೆ ಹೋದ.

ಮತ್ತೆ ಭಾನುವಾರ. ಮತ್ತೆ ನಾಲ್ಕು ಕನ್ನಡಕ, ಚಿಲಕ, ದಾರ, ಪತ್ರಿಕೆ. ಸೊಸೆ ಇಪ್ಪತ್ತು ಗುಂಡು ಹೊಡೆದಳು. ಉಕ್ಕು ಈಗ ಮೊಳಗಲಿಲ್ಲ. ಟಕ್ ಎಂದಿತು, ಹಿಂದೆಯೇ ಮರಳಿನಲ್ಲಿ ಸರ್ ಎಂದು ಏನೋ ಇಳಿಯಿತು, ಅಷ್ಟೇ. ಪತ್ರಿಕೆ ಅಲುಗಲಿಲ್ಲ.

ಅತ್ತೆ ಪತ್ರಿಕೆಗಳನ್ನು ಒಂದೊಂದಾಗಿ ಕಿಟಕಿಗೆ ಹಿಡಿದಳು. ಮೊದಲನೆಯದು ಸರಿ. ಎರಡನೆಯದು ಸರಿ. ಮೂರನೆಯದರಲ್ಲಿ ಬೆಳಕು ಕಂಡಿತು. ರಸಮಟ್ಟ ಕತ್ತು ಚಾಚಿ ನೋಡಿದ. ಸೊಸೆ ಕೋವಿಯ ಹಿಡಿಯನ್ನು ಬಿಗಿಯಾಗಿ ಹಿಡಿದಳು.

"ಇದು ಚೌಕವಾಗಿದೆ" ಎಂದಳು ಅತ್ತೆ.

"ಅದು ನಾನು" ಎಂದ ಮಗ. "ಪದಬಂಧ ಕತ್ತರಿಸಿಕೊಂಡಿದ್ದೆ."

ಅತ್ತೆ ಮಗನ ತಲೆಗೆ ಒಂದು ಮೊಟಕಿ, ಉಳಿದ ಪತ್ರಿಕೆಗಳನ್ನೂ ನೋಡಿ ಮುಗಿಸಿದಳು. ಪೆಟ್ಟಿಗೆಯ ಹತ್ತಿರ ಹೋಗಿ ಮರಳಿಗೆ ಕೈಹಾಕಿ ಎಣಿಸಿದಳು. ಇಪ್ಪತ್ತಕ್ಕೆ ಇಪ್ಪತ್ತೂ ಅಲ್ಲೇ ಇದ್ದವು. "ಕೋವಿ ಇರಲಿ" ಎಂದಳು. "ನಾನು ಅಡುಗೆಮನೆಯಲ್ಲಿ ಇದ್ದಾಗ ಮಾತ್ರ ಹೊಡಿಬೇಕು, ಮೊದಲು ಕೂಗಬೇಕು." ಸೊಸೆ ಅತ್ತೆಯನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಕನ್ನಡಕಕ್ಕೆ ಕನ್ನಡಕ ತಾಗಿ ಕಟ್ಟೆಂದಿತು.

ಆಮೇಲೆ ಮಾವ ಸೊಸೆ ಇಬ್ಬರೇ ಪೆಟ್ಟಿಗೆಯ ಮುಂದೆ ಕುಳಿತು ಉಕ್ಕನ್ನು ಬಟ್ಟೆಯಿಂದ ಒರೆಸಿದರು. ಗುಂಡು ತಾಗಿದ ಕಡೆ ಬೂದು ಮಚ್ಚೆಗಳಿದ್ದವು, ಗುಳಿ ಒಂದೂ ಇರಲಿಲ್ಲ. ಉಕ್ಕು ಆರಿಸಿದ್ದು ಮಾತ್ರ ತಪ್ಪಿರಲಿಲ್ಲ ಎಂದು ರಸಮಟ್ಟನಿಗೆ ಒಳಗೇ ಹಿಗ್ಗು.

"ಒಂದು ಮಾತು ಕೇಳ್ತೀನಿ" ಎಂದ. "ಅವತ್ತು ನೋಡಿದ ಕೂಡಲೇ ಯಾಕಮ್ಮ ಹೇಳಲಿಲ್ಲ?"

"ನೀವು ಬೇಜಾರು ಮಾಡ್ಕೋತೀರಿ ಅಂತ."

ರಸಮಟ್ಟ ಬಟ್ಟೆಯನ್ನು ಮಡಿಸಿದ, ಮತ್ತೆ ಮಡಿಸಿದ. ಕಾರ್ಖಾನೆಯಲ್ಲೂ ಯಾರೂ ಏನೂ ಹೇಳುತ್ತಿರಲಿಲ್ಲ. ತನ್ನ ಕೆಲಸದಲ್ಲಿ ತಪ್ಪೇ ಇರುವುದಿಲ್ಲ, ಅದಕ್ಕೇ ಹೇಳುವುದಿಲ್ಲ ಎಂದು ಇಷ್ಟು ವರ್ಷ ನಂಬಿದ್ದ. ಬೇರೆ ಕಾರಣವೂ ಇದ್ದೀತು ಎಂದು ಈಗ ಹೊಳೆಯಿತು. ನಾಚಿಕೆಯಾಯಿತು, ಜೊತೆಗೇ ಏನೋ ಹಗುರವೂ ಆಯಿತು.

"ಬೇಜಾರು ಮಾಡ್ಕೊಂಡರೆ ಮಾಡ್ಕೋತೀನಿ, ಊಟದ ಹೊತ್ತಿಗೆ ಸರಿ ಹೋಗ್ತೀನಿ" ಎಂದ. "ಇನ್ನು ಮುಂದೆ ನಾನು ಮಾಡಿದ್ದು ಸರಿ ಇಲ್ಲ ಅಂದರೆ ಇಲ್ಲ ಅಂತ ಹೇಳಬೇಕು. ಮುಲಾಜು ಬೇಡ. ಆಯ್ತಾ?"

"ನಿಜವಾಗಲೂ ಹೇಳಲಾ ಮಾವ?"

"ಹೇಳು."

"ನಮ್ಮ ಮದುವೆಯಾದ ವಾರ ನಮ್ಮ ರೂಮಿನಲ್ಲಿ ಹಾಸಿಗೆ ಪಕ್ಕ ನೀವಾಗೇ ಒಂದು ಶೆಲ್ಫು ಹಾಕಿಕೊಟ್ರಲ್ಲ, ಅದು ತುಂಬಾ ಮಟ್ಟಸವಾಗಿದೆ ಮಾವ. ಆದರೆ ಎರಡು ವರ್ಷದಿಂದ ದಿನಾ ಬೆಳಿಗ್ಗೆ ಏಳುವಾಗ ನನ್ನ ತಲೆಗೆ ಹೊಡೆಯುತ್ತೆ."

"ನನಗೂ" ಎಂದ ಮಗ, ಹಿಂದಿನ ಬಾಗಿಲಿಂದ.

ರಸಮಟ್ಟ ಬಾಯಿ ತೆರೆದ. ತಲೆಯನ್ನೇ ತಗ್ಗಿಸಿ ಏಳಬಾರದೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದ. ಎರಡು ವರ್ಷ ಇವರಿಬ್ಬರೂ ತಲೆ ಉಜ್ಜಿಕೊಳ್ಳುತ್ತಾ ಹೊರಗೆ ಬಂದು, "ಶೆಲ್ಫು ಚೆನ್ನಾಗಿದೆ" ಎನ್ನುತ್ತಿದ್ದುದು ಕಣ್ಣಿಗೆ ಕಟ್ಟಿತು. ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಮೊಣಕಾಲಿಗೆ ಕೈ ಕೊಟ್ಟು ಎದ್ದು, ಸ್ಕ್ರೂಡ್ರೈವರ್ ಹುಡುಕುತ್ತಾ, "ಎಷ್ಟು ಇಂಚು ಮೇಲೆ ಹೋಗಬೇಕು?" ಎಂದು ಕೇಳಿದ.

"ನಾಲ್ಕು" ಎಂದರು ಮಗ ಸೊಸೆ ಒಟ್ಟಿಗೇ.

ಅಡುಗೆಮನೆಯ ಬಾಗಿಲು ತೆರೆದು ರಸಮಟ್ಟನ ಹೆಂಡತಿ ಹೊರಗೆ ಇಣುಕಿದಳು. "ಅದು ಮುಗಿದ ಮೇಲೆ ಸ್ಕ್ರೂಡ್ರೈವರ್ ಒಳಗಿಡಬೇಡಿ" ಎಂದಳು. "ನನ್ನದು ಮೂವತ್ತೆಂಟು ವರ್ಷದ ಪಟ್ಟಿ ಇದೆ."